ಅರ್ಧ ಸ್ವರ ಕೆಳಗಿನ ಪಿಯಾನೊ

ಉಡುಪಿಯಲ್ಲಿ ಪಿಯಾನೊ ರಿಪೇರಿ ಮಾಡಿಕೊಂಡಿದ್ದೆ ಎಂದರೆ ಕೇಳಿದವರು ನಂಬುವುದಿಲ್ಲ. ನಂಬದಿರುವುದು ಸರಿಯೇ. ನನ್ನ ಹೊಟ್ಟೆಗೆ ಹಾಕಿದ್ದು ಹಾರ್ಮೋನಿಯಂ. ಭಜನಾ ಮಂಡಳಿ, ಶಾಲೆ, ಇಗರ್ಜಿ, ನಾಟಕದ ತಂಡ, ಎಲ್ಲರ ಪೆಟ್ಟಿಗೆಗಳೂ ನಮ್ಮ ಅಂಗಡಿಗೆ ಬರುತ್ತಿದ್ದವು. ಪಿಯಾನೊ ಅಂತ ಇದ್ದದ್ದು ಉಡುಪಿಯಿಂದ ಕಾರ್ಕಳದವರೆಗೆ ಹುಡುಕಿದರೆ ಆರೋ ಏಳೋ. ಅವುಗಳಲ್ಲಿ ಎರಡರೊಳಗೆ ಇಲಿ ಮರಿ ಹಾಕಿತ್ತು. ಆದರೂ ಈ ಕೆಲಸಕ್ಕೆ ಹೊಸದಾಗಿ ಇಳಿದವರು ಬಂದು ನನ್ನಲ್ಲಿ ಕೇಳುವುದು ಪಿಯಾನೊದ ಬಗ್ಗೆ, ಅದರಲ್ಲೂ ಹಿಲ್ಡಾ ಬಾಯಿಯವರ ಮೊದಲನೆಯ ಕ್ಯಾಸೆಟ್ಟಿನ ಬಗ್ಗೆ. ಅದಕ್ಕೆ ಪಿಯಾನೊ ಶ್ರುತಿ ಮಾಡಿದವನು ನಾನು. ಆಗ ನಾನು ಮಾಡಿದ ತಪ್ಪನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುವುದು ಕಿವಿಗೆ ಬಿದ್ದಿದೆ. ಹಾಗಾಗಿ ನಡೆದದ್ದನ್ನು ನಾನೇ ಬರೆದಿಡುವುದು ಒಳ್ಳೆಯದು. ನಾವೆಲ್ಲ ಆಡಿಕೊಂಡದ್ದು ತುಳುವಿನಲ್ಲಿ; ಬರೆಯುವುದು ಮಾತ್ರ ಕನ್ನಡದಲ್ಲಿ.

ನಾನು ಕೆಲಸ ಕಲಿತದ್ದು ಕೃಷ್ಣಪ್ಪ ಮಾಸ್ಟ್ರಲ್ಲಿ, ಎಪ್ಪತ್ತರ ದಶಕದ ಆರಂಭದಲ್ಲಿ. ನಮ್ಮದು ಮರಗೆಲಸದ ಮನೆತನ; ಊರಿನವರು ನನ್ನನ್ನು ಕರೆಯುವುದು ಆಚಾರ್ರು ಎಂದು. ಹಾರ್ಮೋನಿಯಂ ಪೆಟ್ಟಿಗೆಯ ಹಲಗೆ ಕೂಡಿಸಲಿಕ್ಕೆ ಒಬ್ಬ ಬೇಕು ಅಂತ ಅವರು ನನ್ನನ್ನು ಕರೆಸಿದ್ದು; ಸ್ವರದ ಕೆಲಸ ಆಮೇಲೆ ಕೈಗೆ ಬಂತು. ಮಾಸ್ಟ್ರು ಮದ್ರಾಸಿನ ಒಂದು ಪಿಯಾನೊ ಅಂಗಡಿಯಲ್ಲಿ ಹದಿನೈದು ವರ್ಷ ದುಡಿದು, ಉಡುಪಿಯ ತೆಂಕಪೇಟೆಯ ಒಂದು ಕೋಣೆಯಲ್ಲಿ ಸ್ವಂತ ಅಂಗಡಿ ಇಟ್ಟವರು. ಮಾತು ಕಡಿಮೆ. ಕೆಲಸ ಹಿಡಿಸಿದರೆ ಏನೂ ಹೇಳುತ್ತಿರಲಿಲ್ಲ. ಹಿಡಿಸದಿದ್ದರೆ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತಿದ್ದರು. ಆ ಒರೆಸುವುದನ್ನು ನೋಡಿದರೆ ನಾನು ಪೆಟ್ಟಿಗೆಯನ್ನು ಪುನಃ ಬಿಚ್ಚುತ್ತಿದ್ದೆ.

ಹಾರ್ಮೋನಿಯಂ ಒಳಗೆ ಸ್ವರ ಕೊಡುವುದು ಹಿತ್ತಾಳೆಯ ತೆಳು ನಾಲಿಗೆ, ರೀಡು. ಅದರ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಹೊಸಬನಾಗಿದ್ದಾಗ ಪೆರ್ಡೂರಿನ ಭಜನಾ ಮಂಡಳಿಯವರ ಪೆಟ್ಟಿಗೆಯ ಒಂದು ರೀಡನ್ನು ನಾನು ತುದಿ, ಬುಡ, ಪುನಃ ತುದಿ ಅಂತ ಕೆರೆಯುತ್ತಾ ಹೋದೆ. ಸ್ವರವೇನೋ ಸರಿಯಾಯಿತು. ಆದರೆ ರೀಡು ಕಾಗದದಷ್ಟು ತೆಳ್ಳಗಾಗಿ, ಮುಂದಿನ ಶನಿವಾರ ಭಜನೆಯ ನಡುವೆ ಮುರಿಯಿತು. ಸೋಮವಾರ ಮಾಸ್ಟ್ರು ನನ್ನನ್ನು ಬಸ್ಸಿನಲ್ಲಿ ಪೆರ್ಡೂರಿಗೆ ಕರೆದುಕೊಂಡು ಹೋದರು. ಮಂಡಳಿಯ ಹಿರಿಯರ ಮುಂದೆ ನಿಲ್ಲಿಸಿ, "ಇವನು ಎಂತದೋ ಹೇಳಲಿಕ್ಕುಂಟಂತೆ," ಎಂದರು. ನನಗೆ ಹೇಳಲಿಕ್ಕಿದೆ ಎಂಬುದು ನನಗೆ ಗೊತ್ತಾದದ್ದು ಆಗಲೇ. ಜಾಸ್ತಿ ಕೆರೆದೆ, ನನ್ನದೇ ತಪ್ಪು ಎಂದೆ. ಅವರು ಚಹಾ ಕೊಟ್ಟರು. ಮಾಸ್ಟ್ರು ಹೊಸ ರೀಡು ಹಾಕಿದರು. ಹಿಂದೆ ಬರುವಾಗ ಬಸ್ಸಿನಲ್ಲಿ ಅವರು ಆ ವಿಷಯವನ್ನೇ ಎತ್ತಲಿಲ್ಲ.

ನಾನು ಮೊದಲು ನೋಡಿದ ಪಿಯಾನೊ ಕಾರ್ಕಳದ ಒಂದು ಕಾನ್ವೆಂಟಿನದು. ಗೋಡೆಗೆ ಒರಗಿಸಿಡುವ, ಆಳೆತ್ತರದ ಪೆಟ್ಟಿಗೆ; ಹಿಂದಿನ ಕಾಲದ ಸಿಸ್ಟರುಗಳು ಹಡಗಿನಲ್ಲಿ ತರಿಸಿದ್ದಂತೆ. ಮಾಸ್ಟ್ರು ಮುಂದಿನ ಹಲಗೆ ಕಳಚಿದಾಗ ಒಳಗೆ ಇನ್ನೂರಕ್ಕೂ ಮಿಕ್ಕಿ ಉಕ್ಕಿನ ತಂತಿ ಕಂಡು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮಳೆಗಾಲದಲ್ಲಿ ಅದರ ಮರ ನೀರು ಕುಡಿದು ಉಬ್ಬಿ, ಒತ್ತಿದ ಕೀ ಮೇಲೆ ಬರುತ್ತಿರಲಿಲ್ಲ. ಅದಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗೆ ನಲವತ್ತು ಕ್ಯಾಂಡಲಿನ ಬಲ್ಬು ಉರಿಸಿಡುವುದು ನಮ್ಮ ಕ್ರಮ. ಎಷ್ಟು ಮಾಡಿದರೂ ಮಳೆಗೆ ಉಬ್ಬಿ, ಬಿಸಿಲಿಗೆ ಸೊರಗಿ, ಅದರ ಶ್ರುತಿ ವರ್ಷ ವರ್ಷ ಇಳಿಯುತ್ತಾ ಇತ್ತು. ಮಾಸ್ಟ್ರು ಅದನ್ನು ಹಾಗೆಯೇ ಬಿಟ್ಟಿದ್ದರು. ಒಂದು ಸ್ವರಕ್ಕೆ ಇನ್ನೊಂದು ಸ್ವರ ಹೊಂದುವಂತೆ ಮಾಡಿ, ಒಟ್ಟು ಎತ್ತರ ಎಲ್ಲಿದೆಯೋ ಅಲ್ಲೇ ಇರಲಿ ಎನ್ನುವವರು.

ಯಾಕೆ ಮೇಲೆ ಎಳೆಯುವುದಿಲ್ಲ ಎಂದು ಒಮ್ಮೆ ಕೇಳಿದೆ.

"ಇದರ ತಂತಿ ಕೆಳಗೆ ಇರಲಿಕ್ಕೆ ಅಭ್ಯಾಸ ಮಾಡಿಕೊಂಡಿದೆ. ಒಂದೇ ಸಲ ಎಳೆದರೆ ಒಂದೋ ತುಂಡಾಗುತ್ತದೆ, ಇಲ್ಲದಿದ್ದರೆ ಮರುದಿನ ತಾನೇ ಇಳಿಯುತ್ತದೆ. ಎಳೆಯಲೇಬೇಕಾದರೆ ವರ್ಷಕ್ಕೆ ಇಷ್ಟಿಷ್ಟೇ," ಎಂದು ಮಾಸ್ಟ್ರು ಹೆಬ್ಬೆರಳಿನ ಉಗುರು ತೋರಿಸಿದರು. ನನಗೆ ಅವರು ಹೇಳಿದ ಅತಿ ಉದ್ದದ ಮಾತು ಬಹುಶಃ ಅದೇ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಮಾಸ್ಟ್ರ ಕೈ ನಡುಗಲು ಶುರುವಾಗಿ ಅಂಗಡಿ ನನ್ನ ಪಾಲಿಗೆ ಬಂತು. ಆ ದಿನಗಳಲ್ಲೇ ಕಾಪುವಿನ ಒಂದು ಇಗರ್ಜಿಯಿಂದ ಕರೆ ಬಂತು. ಅಲ್ಲಿದ್ದದ್ದು ಕಾಲಿನಿಂದ ಗಾಳಿ ತುಳಿಯುವ ದೊಡ್ಡ ಹಾರ್ಮೋನಿಯಂ. ಸಮುದ್ರದ ಉಪ್ಪುಗಾಳಿಗೆ ಅದರ ರೀಡುಗಳೆಲ್ಲ ಹಸಿರು ಹಿಡಿದಿದ್ದವು. ಬೆಳಿಗ್ಗೆಯಿಂದ ಕೂತು ಒಂದೊಂದನ್ನೇ ತೊಳೆದು ಹಾಕಿ, ಮಧ್ಯಾಹ್ನ ಯಾರಾದರೂ ನುಡಿಸಿ ನೋಡಲಿ ಎಂದೆ. ಫಾದರ್ ಒಬ್ಬ ಬಾಯಮ್ಮನನ್ನು ಕರೆಸಿದರು. ನಮ್ಮಲ್ಲಿ ಕೊಂಕಣಿ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದೂ ಗಂಡಸರನ್ನು ಪರ್ಬುಗಳು ಎಂದೂ ಕರೆಯುವುದು ವಾಡಿಕೆ. ಬಂದವರು ಹಿಲ್ಡಾ ಬಾಯಿ. ಮೂವತ್ತರ ಆಸುಪಾಸು, ಮಣಿಪಾಲದ ಒಂದು ಆಫೀಸಿನಲ್ಲಿ ಟೈಪಿಸ್ಟ್. ಭಾನುವಾರದ ಪೂಜೆಗೆ ನುಡಿಸುವವರು ಅವರೇ.

ಅವರು ಮೊದಲು ದೇವರ ಹಾಡೊಂದನ್ನು ನುಡಿಸಿದರು. ಫಾದರ್ ಒಳಗೆ ಹೋದ ಮೇಲೆ ಬೇರೆ ಎಂತದೋ ಶುರು ಮಾಡಿದರು. ಎಡಗೈ ಗಡಿಯಾರದ ಹಾಗೆ ನಡೆಯುತ್ತಿತ್ತು. ಬಲಗೈ ಅದಕ್ಕಿಂತ ಕೂದಲೆಳೆಯಷ್ಟು ತಡವಾಗಿ, ಬೇಕೆಂದೇ ಹಿಂದೆ ಉಳಿದವರ ಹಾಗೆ ಬರುತ್ತಿತ್ತು. ನನ್ನ ಕಿವಿ ಹೋದದ್ದು ಬೇರೆ ಕಡೆಗೆ.

"ಬಾಯಮ್ಮ, ಸ್ವಲ್ಪ ನಿಲ್ಲಿಸಿ. ಎರಡು ರೀಡಿನ ಸ್ವರ ಒಂದಕ್ಕೊಂದು ತಾಗುತ್ತಾ ಉಂಟು," ಎಂದೆ.

"ಎಲ್ಲಿ?"

"ಈಗ ಬಂತಲ್ಲ, ಎಡಗೈಯಲ್ಲಿ."

ಅವರು ಅದೇ ಜಾಗವನ್ನು ಪುನಃ ಒತ್ತಿದರು. "ಇದಾ?"

"ಅದೇ."

"ಅದು ನಾನೇ ಒತ್ತುವುದು ಆಚಾರ್ರೇ. ತಾಗಲಿಕ್ಕೇ ಒತ್ತುವುದು."

ಜಾಜ್ ಎಂಬ ಸಂಗೀತವನ್ನು ನಾನು ಮೊದಲು ಕೇಳಿದ್ದು ಹಾಗೆ, ಅದನ್ನು ರಿಪೇರಿ ಮಾಡಲು ಹೊರಟು.

ಈ ಬಾಯಮ್ಮನಿಗೆ ಕಾಪುವಿನಲ್ಲಿ ಕೂತು ಆ ಸಂಗೀತ ಹೇಗೆ ಬಂತು ಎಂದು ಎಲ್ಲರೂ ಕೇಳುತ್ತಾರೆ. ಬಂದದ್ದು ಮೂರು ದಾರಿಯಿಂದ. ಎಂಟನೆಯ ವಯಸ್ಸಿನಲ್ಲಿ ಅವರನ್ನು ಇಗರ್ಜಿಯ ಹಾರ್ಮೋನಿಯಂ ಮುಂದೆ ಕೂರಿಸಿದವರು ಅಲ್ಲಿನ ಹಾಡಿನ ತಂಡದ ಒಬ್ಬ ಮುದುಕರು. ಅವರು ಹಾಡನ್ನು ಒಂದು ವಾರ ಎತ್ತರದಲ್ಲಿ, ಇನ್ನೊಂದು ವಾರ ತಗ್ಗಿನಲ್ಲಿ, ತಮಗೆ ಗಂಟಲು ಎಲ್ಲಿ ಏಳುತ್ತದೋ ಅಲ್ಲಿಂದ ಎತ್ತುತ್ತಿದ್ದರು. ಹಿಲ್ಡಾ ಆ ಶ್ರುತಿ ಹುಡುಕಿ ಅಲ್ಲಿಂದಲೇ ನುಡಿಸಬೇಕಿತ್ತು. ಆಮೇಲೆ ಕಾರ್ಕಳದ ಕಾನ್ವೆಂಟಿನಲ್ಲಿ ಬೋರ್ಡಿಂಗ್. ಅಲ್ಲಿ ನಾನು ಹೇಳಿದ ಅದೇ ಪಿಯಾನೊದಲ್ಲಿ ಒಬ್ಬ ಸಿಸ್ಟರ್ ಏಳು ವರ್ಷ ಬೆರಳು ತಿದ್ದಿದರು. ಮೂರನೆಯದು ಅಪ್ಪ.

ಅಪ್ಪ ಗ್ರೆಗರಿ ಪರ್ಬುಗಳು ಟ್ರಂಪೆಟ್ ಊದುವವರು. ಚಿಕ್ಕಂದಿನಲ್ಲಿ ಮದುವೆಯ ಬ್ಯಾಂಡಿನಲ್ಲಿದ್ದು, ಆಮೇಲೆ ಬೊಂಬಾಯಿಯ ಒಂದು ಹೋಟೆಲಿನ ಜಾಜ್ ತಂಡದಲ್ಲಿ ಇಪ್ಪತ್ತು ವರ್ಷ ಊದಿದರು. ಹೋಟೆಲಿನವರು ತಂಡ ಬೇಡ, ರೆಕಾರ್ಡು ಹಾಕಿದರೆ ಸಾಕು ಎಂದ ದಿನ ಊರಿಗೆ ಬಂದರು. ಲೈಟ್‌ಹೌಸಿನ ಹತ್ತಿರ ಅವರ ಮನೆ. ಪ್ರತಿ ಸಂಜೆ ಆರು ಗಂಟೆಗೆ ಜಗಲಿಯಲ್ಲಿ ಅಪ್ಪ ಊದುವುದು, ಮಗಳು ಸಣ್ಣ ಹಾರ್ಮೋನಿಯಮ್ಮಿನಲ್ಲಿ ಜೊತೆ ಕೊಡುವುದು. ಅಪ್ಪ ಬರೆದದ್ದನ್ನು ಊದುತ್ತಿರಲಿಲ್ಲ. ಹಾಡಿನ ಅಸ್ಥಿ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಆ ಸಂಜೆಯೇ ಕಟ್ಟುತ್ತಿದ್ದರು. ಮಗಳು ಅದನ್ನು ಹಿಂಬಾಲಿಸಿಕೊಂಡು ಹೋಗಬೇಕು. ತಪ್ಪಿದರೆ ಅವರು ನಿಲ್ಲಿಸಿ ಹೇಳಿಕೊಡುತ್ತಿರಲಿಲ್ಲ, ಅವಳ ತಪ್ಪನ್ನೇ ಹಿಡಿದುಕೊಂಡು ಮುಂದೆ ಊದುತ್ತಿದ್ದರು. "ಹಾಗೆ ಅದು ತಪ್ಪಾಗಿ ಉಳಿಯುತ್ತಿರಲಿಲ್ಲ," ಎಂದು ಹಿಲ್ಡಾ ಬಾಯಿ ಒಮ್ಮೆ ಹೇಳಿದ್ದರು.

ಹಿಲ್ಡಾ ಬಾಯಿ ಸ್ವಂತ ಕಟ್ಟಿದ ಹಾಡುಗಳಿಗೆ ಬಸ್ ಸ್ಟಾಪುಗಳ ಹೆಸರಿಟ್ಟಿದ್ದರು. ಬೋರ್ಡಿಂಗಿನಿಂದ ಊರಿಗೆ, ಊರಿನಿಂದ ಬೋರ್ಡಿಂಗಿಗೆ ಹೋಗುವಾಗ ಬಸ್ಸಿನಲ್ಲಿ ಹೊಳೆದ ರಾಗಗಳಂತೆ. ಒಂದು 'ಪರ್ಕಳ', ಒಂದು 'ಬೈಲೂರು', ಅಪ್ಪನಿಗೆ ಅತಿ ಇಷ್ಟವಾದದ್ದು 'ಹಿರಿಯಡ್ಕ'.

ಇದನ್ನೆಲ್ಲ ಕ್ಯಾಸೆಟ್ಟು ಮಾಡಬೇಕು ಎಂದು ಹೊರಟವರು ಡಾಕ್ಟರ್ ಸೇನ್. ಕಲ್ಕತ್ತಾದವರು, ಮಣಿಪಾಲದಲ್ಲಿ ವೈದ್ಯಕೀಯ ಪಾಠ ಮಾಡುತ್ತಿದ್ದರು. ಅವರ ಮನೆಯಲ್ಲಿ ಹೊರದೇಶದಿಂದ ತಂದ ದೊಡ್ಡ ಸ್ಪೂಲ್ ರೆಕಾರ್ಡರ್, ಎರಡು ಒಳ್ಳೆಯ ಮೈಕು ಇದ್ದವು. ಒಂದು ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ಹಿಲ್ಡಾ ಬಾಯಿಯನ್ನು ಕೇಳಿ, ಬೊಂಬಾಯಿಯ ಒಂದು ಸಣ್ಣ ಕಂಪನಿಗೆ ಪತ್ರ ಬರೆದರು. ಜೂನ್ ಒಳಗೆ ಟೇಪು ಕಳಿಸಿದರೆ ಕೇಳಿ ನೋಡುತ್ತೇವೆ ಎಂದು ಉತ್ತರ ಬಂತು. ಎಂಬತ್ತರ ದಶಕದ ನಡುಭಾಗ ಅದು; ಹಿಲ್ಡಾ ಬಾಯಿಗೆ ನಲವತ್ತು ಹತ್ತಿರವಾಗಿತ್ತು. ಇಂಥ ಪತ್ರ ಇನ್ನೊಂದು ಬರುತ್ತದೆ ಎಂದು ಯಾರಿಗೂ ನಂಬಿಕೆ ಇರಲಿಲ್ಲ.

ನುಡಿಸಲು ತಕ್ಕ ಪಿಯಾನೊ ಕಾರ್ಕಳದ್ದೊಂದೇ. ಕಾನ್ವೆಂಟಿನ ಮದರ್, ಮೇ ರಜೆಯಲ್ಲಿ ಮಕ್ಕಳಿಲ್ಲದಾಗ ಮೂರು ದಿನ ಹಾಲ್ ಬಿಟ್ಟುಕೊಡುತ್ತೇನೆ ಎಂದರು. ಮಂಗಳವಾರ, ಬುಧವಾರ, ಗುರುವಾರ. ಶುಕ್ರವಾರದಿಂದ ಅಲ್ಲಿ ಸಿಸ್ಟರುಗಳ ಸಭೆ. ಗ್ರೆಗರಿ ಪರ್ಬುಗಳೂ ಊದುವುದೆಂದಾಯಿತು. ಅವರಿಗೆ ಎಪ್ಪತ್ತು ದಾಟಿತ್ತು, ಉಬ್ಬಸ ಬೇರೆ.

ಪಿಯಾನೊ ನೋಡಲು ನಾನೂ ಹಿಲ್ಡಾ ಬಾಯಿಯೂ ಆ ಮಂಗಳವಾರದ ಹಿಂದಿನ ಭಾನುವಾರ ಒಟ್ಟಿಗೆ ಹೋದೆವು. ಅದು ಇರಬೇಕಾದ ಎತ್ತರಕ್ಕಿಂತ ಅರ್ಧ ಸ್ವರದ ಹತ್ತಿರ ಹತ್ತಿರ ಕೆಳಗಿತ್ತು. ಟ್ರಂಪೆಟಿನ ಶ್ರುತಿಯನ್ನು ಅಷ್ಟು ಇಳಿಸಲು ಬರುವುದಿಲ್ಲ. ಹಿಲ್ಡಾ ಬಾಯಿ ಕೂತು ಎರಡು ನಿಮಿಷ ನುಡಿಸಿ ಹೇಳಿದರು:

"ಆಚಾರ್ರೇ, ಮೇಲೆ ತರುವುದು ಬೇಡ. ಇನ್ನೂ ಒಂದು ಚೂರು ಇಳಿಸಿ, ಸರಿಯಾಗಿ ಅರ್ಧ ಸ್ವರಕ್ಕೆ ನಿಲ್ಲಿಸಿಬಿಡಿ. ಪಪ್ಪಾ ಬಿಳಿ ನಾಲ್ಕರಲ್ಲಿ ಊದಿದರೆ ನಾನು ಪಕ್ಕದ, ಅರ್ಧ ಸ್ವರ ಮೇಲಿನ ಕರಿ ಕೀ ಮೂರರಲ್ಲಿ ನುಡಿಸುತ್ತೇನೆ. ಕೇಳುವವರಿಗೆ ಒಂದೇ."

"ಎಲ್ಲಾ ಹಾಡನ್ನೂ ಹಾಗೆ ನುಡಿಸಲಿಕ್ಕೆ ಆಗುತ್ತದಾ?"

"ಇಗರ್ಜಿಯಲ್ಲಿ ಮೂವತ್ತು ವರ್ಷದಿಂದ ಮತ್ತೆ ಎಂತ ಮಾಡುವುದು ನಾನು?"

"ನೋಡುತ್ತೇನೆ," ಎಂದೆ.

ಈ 'ನೋಡುತ್ತೇನೆ' ಎಂಬುದು ನಮ್ಮ ಕೆಲಸದಲ್ಲಿ ತುಂಬಾ ಅಪಾಯದ ಮಾತು. ಅವರು ಹೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು. ಆದರೆ ಬೊಂಬಾಯಿಯವರು ಕೇಳುವ ಟೇಪು. ನಾನು ಶ್ರುತಿ ಮಾಡಿದ ಪಿಯಾನೊ ಅರ್ಧ ಸ್ವರ ಕೆಳಗಿತ್ತು ಎಂದು ನಾಳೆ ಯಾರಾದರೂ ಹೇಳಿದರೆ? ಮಾಸ್ಟ್ರಿಗೆ ಆಗದ್ದು ನನಗೆ ಆಯಿತು ಎನಿಸಿಕೊಳ್ಳುವ ಆಸೆಯೂ ಇತ್ತು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಹಿಲ್ಡಾ ಬಾಯಿ ಬಸ್ಸು ಹತ್ತಿ ಹೋದ ಮೇಲೆ, ಆ ಸಂಜೆ ಮತ್ತು ಸೋಮವಾರ ಇಡೀ ಹಗಲು ಕೂತು, ಅಷ್ಟೂ ತಂತಿಗಳನ್ನು ಪೂರ್ತಿ ಎತ್ತರಕ್ಕೆ ಎಳೆದೆ. ಮಂದ್ರದ ಎರಡು ತಂತಿ ಸಿಡಿದು ತುಂಡಾದವು. ಒಂದರ ತುದಿ ಮೊಣಕೈಗೆ ಬಡಿದು ರಕ್ತ ಬಂತು. ಗಂಟು ಹಾಕಿ ಕೂಡಿಸಿದೆ. ಸೋಮವಾರ ಸಂಜೆ ನೋಡಿದಾಗ ಪಿಯಾನೊ ಸ್ವರ ಅಳೆಯುವ ಟ್ಯೂನಿಂಗ್ ಫೋರ್ಕಿಗೆ ಸರಿಯಾಗಿ ನಿಂತಿತ್ತು. ನಾನು ಸಂತೋಷದಲ್ಲಿದ್ದೆ.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಮೂವರೂ ಡಾಕ್ಟರರ ಕಾರಿನಲ್ಲಿ ಬಂದರು. ಹಿಲ್ಡಾ ಬಾಯಿ ಒಂದು ಕೀ ಒತ್ತಿದ ಕೂಡಲೇ ನನ್ನ ಮುಖ ನೋಡಿದರು.

"ಮೇಲೆ ತಂದಿರಾ?"

"ತಂದೆ. ನಿಂತಿದೆ. ನಿಮಗೆ ಕರಿ ಮೂರರ ತೊಂದರೆ ಬೇಡ ಅಂತ."

ಅವರು ಸ್ಟೂಲನ್ನು ಮುಂದೆ ಎಳೆದುಕೊಂಡು ಕೂತರು. ಫ್ಯಾನ್ ಸದ್ದು ಮೈಕಿಗೆ ಬರುತ್ತದೆ ಎಂದು ಡಾಕ್ಟರ್ ನಿಲ್ಲಿಸಿದರು, ಕಿಟಕಿ ಮುಚ್ಚಿಸಿದರು. ಮೇ ತಿಂಗಳ ಕಾರ್ಕಳದ ಸೆಕೆ. ಗ್ರೆಗರಿ ಪರ್ಬುಗಳು ಕೋಟು ಹಾಕಿಕೊಂಡು ಬಂದಿದ್ದರು. ಹೋಟೆಲಿನ ದಿನಗಳ ಕೋಟು ಅದು, ಈಗ ಭುಜದಲ್ಲಿ ಸಡಿಲ. "ಕೋಟು ತೆಗೆಯಿರಿ ಪರ್ಬುಗಳೇ, ಬೇಯುತ್ತೀರಿ," ಎಂದೆ. "ಕೋಟು ಇಲ್ಲದೆ ಊದಿ ಅಭ್ಯಾಸ ಇಲ್ಲ ಮಾರಾಯ," ಎಂದರು.

ನಾನು ಹೊರಗಿನ ಜಗಲಿಯಲ್ಲಿ ಕೂತು ಕೇಳಿದೆ. ಮೊದಲನೆಯದು ಮೈಕು ನೋಡಲು ನುಡಿಸಿದ ಸಣ್ಣ ತುಣುಕು, ಸರಿ ಬಂತು. ಎರಡನೆಯದರ ನಡುವೆ ಮೇಲಿನ ಸ್ವರಗಳಲ್ಲಿ ಒಂದು ಅಲೆ ಕೇಳಲು ಶುರುವಾಯಿತು. ಪಿಯಾನೊದಲ್ಲಿ ಮೇಲಿನ ಒಂದೊಂದು ಸ್ವರಕ್ಕೂ ಮೂರು ತಂತಿ. ಮೂರೂ ಒಂದೇ ಎತ್ತರದಲ್ಲಿದ್ದರೆ ನಾದ ನೇರ. ಒಂದು ಸಡಿಲವಾದರೆ ನೀರಿನ ಹಾಗೆ ತೂಗುತ್ತದೆ. ಆ ಸೆಕೆಗೆ ಹಾಲ್‌ನೊಳಗೆ ನನ್ನ ತಂತಿಗಳು ಒಂದೊಂದಾಗಿ ತಮ್ಮ ಹಳೆಯ ಜಾಗಕ್ಕೆ ಹೊರಟಿದ್ದವು. ಎರಡನೆಯದು ಮುಗಿದಾಗ ಎದ್ದು ಒಳಗೆ ಹೋಗಿ, ನಿಲ್ಲಿಸಿ, ಶ್ರುತಿ ಹೋಗುತ್ತಾ ಉಂಟು ಎನ್ನಬೇಕಿತ್ತು. ಪೆರ್ಡೂರಿನಲ್ಲಿ ಅಷ್ಟು ಜನರ ಮುಂದೆ ಹೇಳಿದವನು ಇಲ್ಲಿ ಮೂರು ಜನರ ಮುಂದೆ ಹೇಳಲಿಲ್ಲ. ಬಾಗಿಲವರೆಗೆ ಹೋಗಿ ಹಿಂದೆ ಬಂದೆ. ಇನ್ನು ಇಳಿಯಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮೂರನೆಯದಾಗಿ 'ಹಿರಿಯಡ್ಕ' ನುಡಿಸಿದರು. ಅದು ಹತ್ತು ನಿಮಿಷದ ಹಾಡು. ಪರ್ಬುಗಳು ಅದರಲ್ಲಿ ಹೇಗೆ ಊದಿದರು ಎಂದು ನನಗೆ ವಿವರಿಸಲು ಬರುವುದಿಲ್ಲ. ಅಡುಗೆ ಮನೆಯಿಂದ ಇಬ್ಬರು ಸಿಸ್ಟರುಗಳು ಬಂದು ಜಗಲಿಯ ಕಂಬಕ್ಕೆ ಒರಗಿ ನಿಂತರು. ಪಿಯಾನೊ ಮಾತ್ರ ಪೂರಾ ಹೋಗಿತ್ತು.

ಹಾಡು ಮುಗಿದ ಮೇಲೆ ಪರ್ಬುಗಳು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಉಸಿರು ಎಳೆಯುವುದು ಹೊರಗೆ ಕೇಳುತ್ತಿತ್ತು. ಡಾಕ್ಟರ್ ನಾಡಿ ಹಿಡಿದು ನೋಡಿ, ಇವತ್ತಿಗೆ ಸಾಕು, ನಾಳೆಯೂ ಇವರು ಊದುವುದು ಬೇಡ ಎಂದರು. ಆಮೇಲೆ ರೆಕಾರ್ಡರಿನಲ್ಲಿ ಮೂರನ್ನೂ ಹಾಕಿ ಕೇಳಿಸಿದರು. ಎರಡನೆಯದರಲ್ಲೇ ಹುಬ್ಬು ಗಂಟಿಕ್ಕಿದರು. ಮೂರನೆಯದು ಅರ್ಧವಾಗುವಾಗ ನಿಲ್ಲಿಸಿದರು.

"ಎಂತ ಆಚಾರ್ರೇ ಇದು?" ರೋಗಿಗಳ ಹತ್ತಿರ ಕಲಿತ ಭಾಷೆಯಲ್ಲೇ ಕೇಳಿದರು.

ಆಗ ಹೇಳಿದೆ. ಒಂದೇ ಸಲ ಎಳೆಯಬಾರದಿತ್ತು, ಬಾಯಮ್ಮ ಬೇಡ ಎಂದಿದ್ದರು, ನಾನು ಕೇಳಲಿಲ್ಲ ಎಂದೆ. ಡಾಕ್ಟರ್ ಬಯ್ಯಲಿಲ್ಲ; ಸ್ಪೂಲು ಕಳಚಿ ಡಬ್ಬಿಗೆ ಹಾಕಿದರು. ಪರ್ಬುಗಳು ಕಣ್ಣು ಮುಚ್ಚಿ ಕೂತಿದ್ದರು. ಹಿಲ್ಡಾ ಬಾಯಿ ಕೇಳಿದ್ದು ಒಂದೇ: "ನಾಳೆ ಒಂದು ದಿನದಲ್ಲಿ ಅರ್ಧ ಸ್ವರಕ್ಕೆ ಇಳಿಸಲಿಕ್ಕೆ ಆಗುತ್ತದಾ?"

"ಆಗುತ್ತದೆ," ಎಂದೆ. ಅಲ್ಲಿ ಇದ್ದು ಅಭ್ಯಾಸವಾದ ತಂತಿಗಳು ಅಲ್ಲಿ ನಿಲ್ಲುತ್ತವೆ ಎಂಬುದು ಗೊತ್ತಿತ್ತು.

ಬುಧವಾರ ಬೆಳಕು ಹರಿಯುವಾಗ ಶುರು ಮಾಡಿ ಸಂಜೆಯವರೆಗೆ ಅದನ್ನೇ ಮಾಡಿದೆ. ಮಧ್ಯಾಹ್ನ ಒಬ್ಬ ಸಿಸ್ಟರ್ ಗಂಜಿ, ಉಪ್ಪಿನಕಾಯಿ ತಂದಿಟ್ಟರು. ತಣ್ಣಗಾದ ಮೇಲೆ ನೆನಪಾಯಿತು. ಗುರುವಾರ ಹಿಲ್ಡಾ ಬಾಯಿ ಬೆಳಿಗ್ಗೆಯಿಂದ ನಾಲ್ಕು ಗಂಟೆಯವರೆಗೆ ಐದು ಹಾಡು ನುಡಿಸಿದರು. ಅಪ್ಪನ ಜೊತೆ ನುಡಿಸಿದ್ದನ್ನು ಅರ್ಧ ಸ್ವರ ಮೇಲೆ, ಕರಿ ಕೀಗಳಲ್ಲಿ, ತಿರುಗಿಸಿಕೊಂಡು. ಶ್ರುತಿ ಕೂದಲಷ್ಟೂ ಅಲುಗಲಿಲ್ಲ. ನಾಲ್ಕರಲ್ಲಿ ಅವರೊಬ್ಬರೇ. ಒಂದರಲ್ಲಿ ಮಾತ್ರ ಪರ್ಬುಗಳು ಕೂತುಕೊಂಡೇ, ಟ್ರಂಪೆಟಿನ ಬಾಯಿಗೆ ಮುಚ್ಚಳ ಇಟ್ಟು ಮೆಲ್ಲಗೆ ಊದಿದರು. ಚೆನ್ನಾಗಿಯೇ ಇತ್ತು. ಆದರೆ ಮಂಗಳವಾರ ಊದಿದವರು ಇವರೇ ಎಂದು ಹೇಳಲಾಗುತ್ತಿರಲಿಲ್ಲ. 'ಹಿರಿಯಡ್ಕ'ವನ್ನು ಪುನಃ ಊದಲು ಉಸಿರು ಸಾಲದು ಎಂದು ಅವರೇ ಬಿಟ್ಟರು.

ಅಂದರೆ ನನ್ನ ಒಂದು ದಿನದ ಹಟದಿಂದ ಆದ ನಷ್ಟ ಇಷ್ಟು: ಆ ಮನುಷ್ಯ ಅಷ್ಟು ವರ್ಷ ಊದಿದ್ದರಲ್ಲಿ ಟೇಪಿನ ಮೇಲೆ ಉಳಿಯಬಹುದಾಗಿದ್ದ ಒಂದು ಒಳ್ಳೆಯ ಬೆಳಗು ಹಾಳಾಯಿತು.

ಐದು ಹಾಡಿನ ಟೇಪು ಬೊಂಬಾಯಿಗೆ ಹೋಯಿತು. ಮಳೆ ಹಿಡಿಯಿತು. ಜುಲೈಯಲ್ಲಿ ಗ್ರೆಗರಿ ಪರ್ಬುಗಳು ತೀರಿಕೊಂಡರು. ಮಣ್ಣು ಕೊಡಲು ನಾನೂ ಕಾಪುವಿಗೆ ಹೋಗಿದ್ದೆ. ಅವರು ಮೊದಲು ಊದುತ್ತಿದ್ದ ಮದುವೆಯ ಬ್ಯಾಂಡಿನವರು ಬಂದು ಕೊಡೆಯ ಕೆಳಗೆ ನಿಂತು ಬಾರಿಸಿದರು.

ಎರಡು ವಾರ ಕಳೆದು ಹಿಲ್ಡಾ ಬಾಯಿ ಆಫೀಸಿನಿಂದ ನೇರ ನನ್ನ ಅಂಗಡಿಗೆ ಬಂದರು. ಕಂಪನಿಯವರಿಗೆ ಟೇಪು ಹಿಡಿಸಿತ್ತು. ಆದರೆ ಕ್ಯಾಸೆಟ್ಟಿನ ಎರಡು ಬದಿಗೆ ಐದು ಸಾಲದು, ಇನ್ನೊಂದು ಬೇಕು ಎಂದು ಬರೆದಿದ್ದರು. ಕಾರ್ಕಳದ ಪಿಯಾನೊ ಆಗಲೇ ಮಳೆಗೆ ಉಬ್ಬಿ ಕೂತಿತ್ತು.

"ಮಂಗಳವಾರದ 'ಹಿರಿಯಡ್ಕ'ವನ್ನು ಕಳಿಸುತ್ತೇನೆ," ಎಂದರು.

"ಅದರಲ್ಲಿ ಪಿಯಾನೊ ಹೋಗಿದೆಯಲ್ಲ ಬಾಯಮ್ಮ."

"ಹೋಗಿದೆ. ಡಾಕ್ಟರ್ ಬೇಡವೇ ಬೇಡ ಅಂತಾರೆ. ನೀವು ಅದನ್ನು ಪೂರ್ತಿ ಕೇಳಿದ್ದೀರಾ?"

"ಹೊರಗೆ ಕೂತಿದ್ದೆ."

"ಪಿಯಾನೊ ಕೇಳಿದಿರಿ. ಪಪ್ಪಾನನ್ನು ಕೇಳಲಿಲ್ಲ." ಅವರು ಕೊಡೆಯನ್ನು ಬಾಗಿಲಿಗೆ ಒರಗಿಸಿ ಸ್ಟೂಲಿನ ಮೇಲೆ ಕೂತರು. "ಎರಡನೆಯದರಲ್ಲೇ ಇಳಿಯುತ್ತಾ ಉಂಟು ಅಂತ ನನಗೆ ಗೊತ್ತಾಯಿತು ಆಚಾರ್ರೇ. ಪಪ್ಪಾನಿಗೂ ಗೊತ್ತಾಯಿತು. ಮೂರನೆಯದರಲ್ಲಿ ಅವರು ತುಟಿಯಲ್ಲೇ ಸ್ವರ ಬಗ್ಗಿಸಿ ಪಿಯಾನೊದ ಹಿಂದೆ ಹೋಗಲು ಶುರು ಮಾಡಿದರು. ಪಿಯಾನೊ ಎಲ್ಲಿ ಇಳಿದಿದೆಯೋ ಅಲ್ಲಿಗೇ ಬಂದು ನಿಲ್ಲುತ್ತಿದ್ದರು. ನಿಲ್ಲಿಸಿ ಅಂತ ಹೇಳಲಿಕ್ಕೆ ನನಗೆ ಬಾಯಿತ್ತು. ಹೇಳಲಿಲ್ಲ. ನಿಲ್ಲಿಸಿದರೆ ಅವರು ಪುನಃ ಹಾಗೆ ಊದುವುದಿಲ್ಲ."

ಅವರು ಹೇಳಿದ್ದರಿಂದ ನನ್ನ ತಪ್ಪು ಕಡಿಮೆಯಾಗುವುದಿಲ್ಲ ಎಂಬುದು ಆಗಲೂ ಗೊತ್ತಿತ್ತು, ಈಗಲೂ ಗೊತ್ತು. ಅವರಿಬ್ಬರು ಆ ತಪ್ಪನ್ನು ಎತ್ತಿಕೊಂಡು ಎಲ್ಲಿಗೋ ಹೋದದ್ದು ಅವರ ಕಲೆ, ನನ್ನದಲ್ಲ.

"ಒಂದು ಕೇಳಲಿಕ್ಕೆ ಬಂದೆ," ಎಂದು ಅವರು ಮುಂದುವರಿಸಿದರು. "ಕ್ಯಾಸೆಟ್ಟಿನ ಒಳಗಿನ ಕಾಗದದಲ್ಲಿ ಶ್ರುತಿ ಮಾಡಿದವರು ಅಂತ ನಿಮ್ಮ ಹೆಸರು ಹಾಕಲಿಕ್ಕೆ ಡಾಕ್ಟರ್ ಬರೆದುಕೊಟ್ಟ ಮೇಲೆ ಈ ಪತ್ರ ಬಂದದ್ದು. ಈಗ ಈ ಹಾಡು ಸೇರಿಸಿದರೆ ನಿಮ್ಮ ಕಸುಬಿನವರಿಗೆ ಗೊತ್ತಾಗುತ್ತದೆ. ಹೆಸರು ತೆಗೆಸುವುದಾ? ನೀವು ಹೇಳಿದ ಹಾಗೆ."

ತೆಗೆಸಿ ಎನ್ನುವುದು ಸುಲಭವಿತ್ತು. ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ನಾನು ಕೈಯಲ್ಲಿದ್ದ ರೀಡನ್ನು ಒರೆಸಿ ಪೆಟ್ಟಿಗೆಯೊಳಗೆ ಇಟ್ಟೆ.

"ಐದಕ್ಕೆ ಹಾಕಿ ಒಂದಕ್ಕೆ ಬಿಡಲಿಕ್ಕೆ ಆಗುವುದಿಲ್ಲವಲ್ಲ. ಇರಲಿ," ಎಂದೆ.

ಕ್ಯಾಸೆಟ್ಟು ಮುಂದಿನ ಬೇಸಗೆಗೆ ಬಂತು. ಅದಕ್ಕೆ 'ಹಿರಿಯಡ್ಕ' ಎಂದೇ ಹೆಸರು. ಇದು ಯಾವುದಾದರೂ ರಾಗವಾ ಎಂದು ಕಂಪನಿಯವರು ಪತ್ರದಲ್ಲಿ ಕೇಳಿದ್ದರಂತೆ. ಕೊಂಡವರು ಬಹಳ ಜನ ಇರಲಿಲ್ಲ; ಕೊಂಡವರು ಮಾತ್ರ ಬಿಡಲಿಲ್ಲ. ಹಿಲ್ಡಾ ಬಾಯಿಯನ್ನು ಬೊಂಬಾಯಿಗೆ ಮೂರು ನಾಲ್ಕು ಸಲ ನುಡಿಸಲು ಕರೆದರು, ಇನ್ನೆರಡು ಕ್ಯಾಸೆಟ್ಟು ಬಂದವು. ಟೈಪಿಂಗ್ ಕೆಲಸ ಅವರು ಬಿಡಲಿಲ್ಲ, ಭಾನುವಾರದ ಇಗರ್ಜಿಯನ್ನೂ ಬಿಡಲಿಲ್ಲ. ಎಂಬತ್ತರ ದಶಕ ಮುಗಿಯುವಾಗ ಕೊಲ್ಲಿಯಿಂದ ಬಂದವರು ಮನೆಮನೆಗೆ ಕರೆಂಟಿನ ಕೀಬೋರ್ಡು ತಂದರು. ಅದರಲ್ಲಿ ಶ್ರುತಿ ಇಳಿಯುವುದೂ ಇಲ್ಲ, ಏರುವುದೂ ಇಲ್ಲ. ಶ್ರುತಿ ನೋಡುವ ಮೀಟರೂ ಬಂತು. ಮುಳ್ಳು ನಡುವೆ ನಿಂತರೆ ಸರಿ. ಕಿವಿಗಿಂತ ಅದು ಬೇಗ, ನಾನೂ ಒಂದು ತರಿಸಿಕೊಂಡೆ. ಆದರೆ ಯಾವ ಪಿಯಾನೊವನ್ನು ಎಳೆಯಬೇಕು, ಯಾವುದನ್ನು ಇದ್ದಲ್ಲೇ ಬಿಡಬೇಕು ಎಂದು ಮುಳ್ಳು ಹೇಳುವುದಿಲ್ಲ. ಅದಕ್ಕೆ ನುಡಿಸುವವರನ್ನು ಕೇಳಬೇಕು, ಕೇಳಿದ ಮೇಲೆ ಅವರು ಹೇಳಿದಂತೆ ಮಾಡಬೇಕು.

ಕ್ಯಾಸೆಟ್ಟು ಬಂದ ವರ್ಷವೇ ಒಮ್ಮೆ ತಂತಿ ತರಲು ಮಂಗಳೂರಿಗೆ ಹೋಗಿದ್ದೆ. ವಾದ್ಯಗಳ ಅಂಗಡಿಯ ಯಜಮಾನರು ಒಳ್ಳೆಯ ಕಿವಿಯವರು. ನನ್ನನ್ನು ಕೂರಿಸಿ, ಸುತ್ತಮುತ್ತ ಯಾರೂ ಇಲ್ಲದ್ದು ನೋಡಿ, ದನಿ ತಗ್ಗಿಸಿದರು.

"ಆಚಾರ್ರೇ, ಬೇಸರ ಮಾಡಬೇಡಿ. ಆ ಕ್ಯಾಸೆಟ್ಟಿನ ಕೊನೆಯ ಹಾಡಿನಲ್ಲಿ ಪಿಯಾನೊ ಇಳಿದದ್ದು ನಿಮಗೆ ಕೇಳಲಿಲ್ಲವಾ?"

"ಕೇಳಿತು," ಎಂದೆ. "ಅವತ್ತು ಅದಕ್ಕೂ ಮೊದಲು ನುಡಿಸಿದ ಹಾಡಿನಲ್ಲೇ ಕೇಳಿತ್ತು. ನಾನು ಎದ್ದು ಹೇಳಲಿಲ್ಲ."